ಬಿದ್ದ ಎಲೆ, ಬಿದ್ದ ಮಳೆ: ಬಡಾವಣೆಯ ಪಾರ್ಕನ್ನು ವರ್ಷವಿಡೀ ನೋಡಿಕೊಳ್ಳುವ ಬಗೆ

ಫೆಬ್ರವರಿ ತಿಂಗಳ ಬೆಳಗ್ಗೆ ಬೆಂಗಳೂರಿನ ಯಾವುದಾದರೂ ಬಡಾವಣೆಯ ಪಾರ್ಕಿಗೆ ಹೋಗಿ ನೋಡಿ. ಹೊಂಗೆಯ ಒಣ ಎಲೆಗಳನ್ನೆಲ್ಲ ಗುಡಿಸಿ, ಮೂಟೆ ಕಟ್ಟಿ, ಕಸದ ಗಾಡಿಗೆಂದು ಗೇಟಿನ ಹೊರಗೆ ಇಟ್ಟಿರುತ್ತಾರೆ. ಹಾಗೆ ಗುಡಿಸಿ ಬೋಳಾದ ನೆಲಕ್ಕೆ ಪೈಪ್ ಹಿಡಿದು ನೀರು ಬಿಡುತ್ತಿರುತ್ತಾರೆ. ಮೇ ತಿಂಗಳ ಸಂಜೆ ಮತ್ತೊಮ್ಮೆ ಹೋಗಿ. ಒಂದು ಗಂಟೆ ಸುರಿದ ಮಳೆ ವಾಕಿಂಗ್ ಪಾತಿನ ಕಲ್ಲುಹಾಸಿನ ಮೇಲೆ ಹರಿದು, ಗೇಟು ದಾಟಿ, ರಸ್ತೆಯ ಮೋರಿ ಸೇರುತ್ತಿರುತ್ತದೆ. ಜೂನ್ ಬಂತೆಂದರೆ ಅದೇ ಪಾರ್ಕಿಗೆ ಲಾರಿಯಲ್ಲಿ ಕೆಮ್ಮಣ್ಣು, ಗೊಬ್ಬರ ಬಂದಿಳಿಯುತ್ತದೆ. ತನ್ನಲ್ಲೇ ಇದ್ದ ಗೊಬ್ಬರವನ್ನೂ ನೀರನ್ನೂ ಹೊರಗೆ ಕಳಿಸಿ, ಅವನ್ನೇ ದುಡ್ಡು ಕೊಟ್ಟು ತರಿಸಿಕೊಳ್ಳುವ ವಿಚಿತ್ರ ಸಂಸಾರ ಇದು.

ಗಿಡಮರಗಳ ಹೆಸರೂ ಸರಿಯಾಗಿ ಗೊತ್ತಿಲ್ಲ, ಆದರೆ ಮನೆ ಪಕ್ಕದ ಪಾರ್ಕಿಗೆ ಏನಾದರೂ ಮಾಡಬೇಕೆಂಬ ಆಸೆ ಇದೆ ಅನ್ನುವವರಿಗಾಗಿ ಈ ಬರಹ. ಲೆಕ್ಕಕ್ಕೆ ಅರ್ಧ ಎಕರೆಯ ಪಾರ್ಕನ್ನು ಇಟ್ಟುಕೊಂಡಿದ್ದೇನೆ. ತಿಂಗಳುಗಳು ಬೆಂಗಳೂರಿನ ಹವೆಗೆ ಹೊಂದುವಂಥವು. ಮೈಸೂರು, ತುಮಕೂರಿನವರು ಒಂದೆರಡು ವಾರ ಹಿಂದೆ ಮುಂದೆ ಮಾಡಿಕೊಳ್ಳಬಹುದು. ಕರಾವಳಿ, ಮಲೆನಾಡಿನವರ ಮಳೆಯೇ ಬೇರೆ, ಅವರು ಕೆಲಸವನ್ನಷ್ಟೇ ತೆಗೆದುಕೊಂಡು ಪಂಚಾಂಗ ತಮ್ಮದೇ ಮಾಡಿಕೊಳ್ಳಬೇಕು. ನೆನಪಿಡಬೇಕಾದ ಸೂತ್ರ ಒಂದೇ: ಪಾರ್ಕಿನಲ್ಲಿ ಬಿದ್ದ ಎಲೆ, ಬಿದ್ದ ಮಳೆ ಎರಡೂ ಪಾರ್ಕು ಬಿಟ್ಟು ಹೋಗಬಾರದು.

ಹಂತ 1: ಮೊದಲು ನೋಡಿ, ಆಮೇಲೆ ಗುದ್ದಲಿ ಹಿಡಿಯಿರಿ

ಒಂದು ನೋಟ್‌ಬುಕ್ ಸಾಕು. ಪಾರ್ಕಿನ ನಕ್ಷೆಯನ್ನು ಕೈಯಲ್ಲೇ ಬರೆಯಿರಿ. ಗೇಟು, ಬೋರ್‌ವೆಲ್ ಇದ್ದರೆ ಅದು, ನಲ್ಲಿಗಳು, ದೊಡ್ಡ ಮರಗಳು, ಮಕ್ಕಳಾಡುವ ಜಾಗ, ಓಪನ್ ಜಿಮ್, ಲಾನ್, ಕಸ ಸುರಿಯುವ ಮೂಲೆ ಎಲ್ಲವೂ ಅದರಲ್ಲಿರಲಿ. ಪಾರ್ಕನ್ನು ಮೂರು ಹೊತ್ತಿನಲ್ಲಿ ನೋಡಬೇಕು. ಬೆಳಗಿನ ವಾಕಿಂಗ್ ವೇಳೆ ಜನ ಎಲ್ಲೆಲ್ಲಿ ನಡೆಯುತ್ತಾರೆ ಅನ್ನುವುದು ತಿಳಿಯುತ್ತದೆ. ಮಧ್ಯಾಹ್ನ ಎರಡು ಗಂಟೆಗೆ ಹೋದರೆ ಬಿಸಿಲೆಲ್ಲಿ, ನೆರಳೆಲ್ಲಿ ಅನ್ನುವುದು. ಮಳೆ ಬರುವಾಗ ಕೊಡೆ ಹಿಡಿದು ಹೋದರೆ ನೀರಿನ ದಾರಿ. ಈ ಮೂರನೆಯದನ್ನು ಬಹುತೇಕ ಯಾರೂ ಮಾಡುವುದಿಲ್ಲ. ಮುಂದಿನ ಅರ್ಧ ಕೆಲಸ ನಿಂತಿರುವುದು ಅದರ ಮೇಲೆ.

ಮರಗಳಿಗೆ ಒಂದೊಂದು ಸಂಖ್ಯೆ ಕೊಟ್ಟು, ಎಲೆ ಉದುರಿದ್ದು, ಚಿಗುರಿದ್ದು, ಹೂ ಬಿಟ್ಟದ್ದು ಯಾವ ವಾರ ಎಂದು ಬರೆದಿಡುತ್ತ ಹೋಗಿ. ಗುಲಾಬಿ ಬಣ್ಣದ ತಬೂಬಿಯಾ ಚಳಿ ಇರುವಾಗಲೇ ಹೂ ಬಿಡುತ್ತದೆ. ಹೊಂಗೆ ಫೆಬ್ರವರಿ, ಮಾರ್ಚ್ ಹೊತ್ತಿಗೆ ಎಲೆ ಉದುರಿಸಿ ಯುಗಾದಿಗೆ ಹೊಸ ಚಿಗುರು ಹೊದ್ದಿರುತ್ತದೆ. ಗುಲ್‌ಮೊಹರ್ ಕೆಂಪಾಗುವುದು ಏಪ್ರಿಲ್, ಮೇ ತಿಂಗಳಲ್ಲಿ. ಆಕಾಶ ಮಲ್ಲಿಗೆ ಉದುರುವುದು ಮಳೆಗಾಲ ಮುಗಿಯುವಾಗ. ಇಂಥ ಟಿಪ್ಪಣಿಗಳನ್ನು ದೇಶದ ಬೇರೆ ಬೇರೆ ಊರುಗಳಿಂದ ಸಂಗ್ರಹಿಸುವ ಸೀಸನ್‌ವಾಚ್ ಎಂಬ ಯೋಜನೆಯಿದೆ, ಶಾಲಾ ಮಕ್ಕಳೂ ಅದರಲ್ಲಿ ಪಾಲ್ಗೊಳ್ಳುತ್ತಾರೆ. ನಿಮ್ಮ ಬೀದಿಯ ಮಕ್ಕಳಿಗೆ ಈ ಕೆಲಸ ವಹಿಸಿದರೆ ದೊಡ್ಡವರಿಗಿಂತ ಚೆನ್ನಾಗಿ ಮಾಡುತ್ತಾರೆ.

ಹಂತ 2: ಮಾಲಿ, ಆಮೇಲೆ ಕಚೇರಿ

ಪಾರ್ಕು ನಿಮ್ಮ ಮನೆಯ ಮುಂದೆ ಇದ್ದರೂ ನಿಮ್ಮದಲ್ಲ. ಕರ್ನಾಟಕದಲ್ಲಿ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ರಕ್ಷಣೆಗೆಂದೇ 1985ರ ಕಾಯ್ದೆಯಿದೆ. ಮರ ಕಡಿಯಬೇಕೆಂದರೆ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಬೆಂಗಳೂರಿನಲ್ಲಿ 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿಯ ಜಾಗದಲ್ಲಿ ಐದು ನಗರ ಪಾಲಿಕೆಗಳು ಬಂದಿವೆ, ಅವುಗಳ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರವಿದೆ. ಹಾಗಾಗಿ ನಿಮ್ಮ ಪಾರ್ಕು ಯಾವ ಪಾಲಿಕೆಗೆ ಸೇರುತ್ತದೆ ಎಂದು ಮೊದಲು ತಿಳಿದುಕೊಳ್ಳಿ. ಗಿಡ, ಲಾನ್, ನೀರಿನ ವಿಷಯ ತೋಟಗಾರಿಕೆ ವಿಭಾಗದ್ದು. ಮರದ ಕೊಂಬೆಯ ವಿಷಯ ಅರಣ್ಯ ವಿಭಾಗದ್ದು. ಕಲ್ಲುಹಾಸು, ಕಾಂಪೌಂಡ್ ಗೋಡೆಯಾದರೆ ಇಂಜಿನಿಯರ್ ಕಡೆಗೆ. ಒಂದೇ ಅರ್ಜಿಯಲ್ಲಿ ಮೂರನ್ನೂ ತುರುಕಿದರೆ ಅದು ಮೂರು ಟೇಬಲ್ ಸುತ್ತಿ ಎಲ್ಲೋ ಕೂತುಬಿಡುತ್ತದೆ. ಬೇರೆ ಬೇರೆ ಬರೆಯಿರಿ.

ಕಚೇರಿಗೂ ಮೊದಲು ಮಾತಾಡಿಸಬೇಕಾದವರು ಮಾಲಿ. ಬಹುತೇಕ ಪಾರ್ಕುಗಳ ನಿರ್ವಹಣೆ ಗುತ್ತಿಗೆಯಲ್ಲಿರುತ್ತದೆ. ಕೆಲಸ ಮಾಡುವವರಿಗೆ ಗುತ್ತಿಗೆದಾರರ ಮಾತೂ ಮುಖ್ಯ, ವಾಕಿಂಗ್ ಬರುವ ಹಿರಿಯರ ಮಾತೂ ಮುಖ್ಯ. “ಎಲೆ ಬಿಟ್ರೆ ಗಲೀಜು ಅಂತಾರೆ ಸಾರ್, ಗುಡಿಸಿದ್ರೆ ಎಲ್ಲಿ ಹಾಕ್ತೀಯ ಅಂತಾರೆ. ನಾನೇನ್ಮಾಡ್ಲಿ?” ಎಂದು ಕೇಳುವ ಅಕ್ಕ ನಿಮ್ಮ ಪಾರ್ಕಿನಲ್ಲೂ ಇದ್ದಾರೆ. ನೀವು ಹೊಸ ಕೆಲಸ ಹೇರಲು ಬಂದವರಲ್ಲ, ಅವರ ಕೆಲಸ ಹಗುರ ಮಾಡಲು ಬಂದವರು ಅನ್ನುವುದು ಅವರಿಗೆ ತಿಳಿಯಬೇಕು. ಎಲೆ ಹೊರಗೆ ಹೊರುವ ಕಷ್ಟ ತಪ್ಪುತ್ತದೆ ಎಂದರೆ ಯಾವ ಮಾಲಿಯೂ ಬೇಡವೆನ್ನುವುದಿಲ್ಲ. ಜೊತೆಗೆ ನಾಲ್ಕೈದು ಮನೆಯವರು ಸೇರಿದರೆ ಸಾಕು. ಕ್ಷೇಮಾಭಿವೃದ್ಧಿ ಸಂಘವಿದ್ದರೆ ಅದರ ಲೆಟರ್‌ಹೆಡ್ ಉಪಯೋಗಕ್ಕೆ ಬರುತ್ತದೆ. ಸಂಘದ ಚುನಾವಣೆಯ ರಾಜಕೀಯ ಮಾತ್ರ ಪಾರ್ಕಿನ ಗೇಟಿನ ಹೊರಗಿರಲಿ.

ಹಂತ 3: ಎಲೆಯ ಕಾಲ, ಡಿಸೆಂಬರ್‌ನಿಂದ ಮಾರ್ಚ್

ಆರಂಭಿಸಲು ಇದಕ್ಕಿಂತ ಒಳ್ಳೆಯ ಕಾಲ ಇಲ್ಲ. ಖರ್ಚಿಲ್ಲ, ಫಲ ಕಣ್ಣಿಗೆ ಕಾಣುತ್ತದೆ, ಯಾರ ಅನುಮತಿಗೂ ತಿಂಗಳುಗಟ್ಟಲೆ ಕಾಯಬೇಕಿಲ್ಲ.

ಎಲ್ಲಿ ಗುಡಿಸಬೇಕು, ಎಲ್ಲಿ ಗುಡಿಸಬಾರದು ಎಂದು ನಕ್ಷೆಯಲ್ಲಿ ಗುರುತು ಮಾಡಿ. ನಡೆಯುವ ದಾರಿ, ಬೆಂಚಿನ ಸುತ್ತ, ಆಟದ ಜಾಗ, ಚರಂಡಿಯ ಬಾಯಿ ಇಷ್ಟನ್ನು ದಿನವೂ ಗುಡಿಸಲಿ. ಮರದ ಬುಡ, ಪೊದೆಗಳ ಕೆಳಗೆ, ಗಿಡದ ಮಡಿಗಳಲ್ಲಿ ಬಿದ್ದ ಎಲೆ ಅಲ್ಲೇ ಇರಲಿ. ದಾರಿಯಿಂದ ಗುಡಿಸಿದ ಎಲೆಯಲ್ಲೂ ಮೊದಲ ಪಾಲು ಈ ಮಡಿಗಳಿಗೇ ಹೋಗಬೇಕು. ಮೂರು ಇಂಚು ದಪ್ಪಕ್ಕೆ ಹರಡಿ, ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಜಾಗ ಬಿಡಿ. ತಾಗಿದರೆ ಬುಡ ಕೊಳೆಯುತ್ತದೆ, ಗೆದ್ದಲೂ ಹತ್ತುತ್ತದೆ. ಹೀಗೆ ಮುಚ್ಚಿದ ನೆಲದಲ್ಲಿ ಬಿಸಿಲಿಗೆ ತೇವ ಬೇಗ ಆರುವುದಿಲ್ಲ, ಕಳೆ ಕಡಿಮೆ, ಮೊದಲ ಮಳೆಗೆ ಮಣ್ಣು ಕೊಚ್ಚಿಹೋಗುವುದೂ ತಪ್ಪುತ್ತದೆ.

ಮಿಕ್ಕ ಎಲೆಗೆ ಗೊಬ್ಬರದ ಗೂಡು ಬೇಕು. ನಾಲ್ಕು ಅಡಿ ಎತ್ತರದ ಕಬ್ಬಿಣದ ಜಾಲರಿಯನ್ನು ನಾಲ್ಕಡಿ ಅಗಲದ ದುಂಡಗೆ ಸುತ್ತಿ, ತಂತಿಯಲ್ಲಿ ಬಿಗಿದು, ನಾಲ್ಕು ಗೂಟ ಹೊಡೆದರೆ ಗೂಡು ಸಿದ್ಧ. ಅರ್ಧ ಎಕರೆಗೆ ಇಂಥ ಎರಡು ಮೂರು ಗೂಡುಗಳು ಬೇಕಾಗುತ್ತವೆ. ನೆರಳಿರುವ, ಮಾಲಿಗೆ ನೀರಿನ ನಲ್ಲಿ ಹತ್ತಿರವಾಗುವ ಮೂಲೆಯಲ್ಲಿ ಇಡಿ. ಯಾವ ಮನೆಯ ಕಿಟಕಿಗೂ ಎದುರಾಗಿರಬಾರದು, ವಾಸನೆ ಬರದಿದ್ದರೂ ಬಂತೆಂದು ದೂರು ಬರುತ್ತದೆ. ಮರದ ಬುಡಕ್ಕೆ ಒರಗಿಸಬೇಡಿ.

ಒಂದಡಿ ಎಲೆ ತುಂಬಿ, ಕಾಲಿನಿಂದ ತುಳಿದು, ಒಂದು ಬಕೆಟ್ ನೀರು ಚಿಮುಕಿಸಿ. ಅದರ ಮೇಲೆ ಅರ್ಧ ಬಕೆಟ್ ಸಗಣಿ ಬಗ್ಗಡ ಹಾಕಿ. ಸಗಣಿ ಸಿಗದ ಬಡಾವಣೆಯಲ್ಲಿ ಒಂದು ಬಾಂಡ್ಲಿ ಹಳೆಯ ಗೊಬ್ಬರ ಅಥವಾ ಮರದ ಕೆಳಗಿನ ಕರಿಮಣ್ಣು ಆದೀತು, ಹುಳಿ ಮಜ್ಜಿಗೆಗೆ ಬೆಲ್ಲ ಕರಗಿಸಿ ಚಿಮುಕಿಸುವವರೂ ಇದ್ದಾರೆ. ಮತ್ತೆ ಎಲೆ, ಮತ್ತೆ ನೀರು, ಹೀಗೆ ಪದರ ಪದರವಾಗಿ ತುಂಬುತ್ತ ಹೋಗಿ. ಲಾನ್ ಕತ್ತರಿಸಿದ ಹಸಿ ಹುಲ್ಲಿದ್ದರೆ ಮೂರು ಪಾಲು ಒಣ ಎಲೆಗೆ ಒಂದು ಪಾಲು ಹುಲ್ಲು ಬೆರೆಸಿ. ಒಣ ಎಲೆಯಲ್ಲಿ ಇಂಗಾಲ ಹೆಚ್ಚು, ಸಾರಜನಕ ಕಡಿಮೆ. ಹಸಿ ಹುಲ್ಲು, ಸಗಣಿ ಸೇರಿದಾಗ ಸೂಕ್ಷ್ಮಜೀವಿಗಳಿಗೆ ಎರಡೂ ಸಿಕ್ಕಿ ಕೆಲಸ ಚುರುಕಾಗುತ್ತದೆ.

ತೇವ ಎಷ್ಟಿರಬೇಕು? ಒಳಗಿನಿಂದ ಒಂದು ಹಿಡಿ ತೆಗೆದು ಹಿಂಡಿ ನೋಡಿ. ಕೈ ಒದ್ದೆಯಾಗಬೇಕು, ಬೆರಳ ಸಂದಿಯಿಂದ ನೀರು ಸೋರಬಾರದು. ಇರುವೆ ಸೇರಿದ್ದರೆ ಒಣಗಿದೆ ಎಂದರ್ಥ, ನೀರು ಹಾಕಿ. ನಾತ ಹೊಡೆಯುತ್ತಿದ್ದರೆ ನೀರು ಹೆಚ್ಚಾಗಿದೆ, ಒಣ ಎಲೆ ಬೆರೆಸಿ ತಿರುವಿಹಾಕಿ. ಹದಿನೈದು ಇಪ್ಪತ್ತು ದಿನಕ್ಕೊಮ್ಮೆ ಒಂದು ಗೂಡಿನಿಂದ ಇನ್ನೊಂದಕ್ಕೆ ಮಗುಚಿದರೆ ಮೂರ್ನಾಲ್ಕು ತಿಂಗಳಿಗೆ ಗೊಬ್ಬರವಾಗುತ್ತದೆ. ಮಗುಚದೆ ಬಿಟ್ಟರೂ ಆಗುತ್ತದೆ, ಹೆಚ್ಚು ತಿಂಗಳು ಹಿಡಿಯುತ್ತದೆ ಅಷ್ಟೆ. ಜನವರಿ, ಫೆಬ್ರವರಿಯಲ್ಲಿ ತುಂಬಿದ ಗೂಡು ಜೂನ್‌ನಲ್ಲಿ ಗಿಡ ನೆಡುವ ಹೊತ್ತಿಗೆ ಸರಿಯಾಗಿ ಕೈಗೆ ಬರುತ್ತದೆ. ಗುಲ್‌ಮೊಹರ್‌ನ ಮರದಂಥ ಕಾಯಿ, ತಾಳೆ ಜಾತಿಯ ಗರಿ ಗೂಡಿಗೆ ಬೇಡ, ಅವು ಕೊಳೆಯುವ ಹೊತ್ತಿಗೆ ವರ್ಷವೇ ಕಳೆದಿರುತ್ತದೆ. ಪ್ಲಾಸ್ಟಿಕ್ ಕವರ್, ದಾರವಿರುವ ಹೂಮಾಲೆ, ಊಟದ ಎಂಜಲು, ನಾಯಿಯ ಕೊಳಕು ಖಂಡಿತ ಬೇಡ.

ಎಲೆ ಗುಡ್ಡೆಯಲ್ಲಿ ಹಾವು ಸೇರುತ್ತದೆ ಎಂಬ ಆಕ್ಷೇಪಣೆ ಬಂದೇ ಬರುತ್ತದೆ. ಅದನ್ನು ನಕ್ಕು ತಳ್ಳಿಹಾಕಬೇಡಿ. ಹಾವು ಬರುವುದು ಇಲಿಯ ಹಿಂದೆ, ಇಲಿ ಬರುವುದು ಎಂಜಲಿನ ಹಿಂದೆ. ಗೂಡಿಗೆ ಅನ್ನ, ಬ್ರೆಡ್ಡು ಬೀಳದಂತೆ ನೋಡಿಕೊಂಡು, ಆಗಾಗ ಮಗುಚುತ್ತಿದ್ದರೆ ಅಂಜಿಕೆಗೆ ಹೆಚ್ಚು ಕಾರಣವಿಲ್ಲ. ಆದರೂ ಮಗುಚುವ ಮುನ್ನ ಕೋಲಿನಿಂದ ಒಮ್ಮೆ ತಟ್ಟಿ, ಬರಿಗಾಲಲ್ಲಿ ಇಳಿಯಬೇಡಿ.

ಎಲೆಗೆ ಬೆಂಕಿ ಹಾಕುವುದು ತಪ್ಪು ಮಾತ್ರವಲ್ಲ, ದಂಡದ ಬಾಬತ್ತು. ಬಯಲಲ್ಲಿ ಕಸ ಸುಡುವವರಿಗೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರ್‌ನಲ್ಲಿ ಆದೇಶಿಸಿತ್ತು. ಮರದ ಕೆಳಗೆ ಹಚ್ಚಿದ ಬೆಂಕಿ ನೆಲದ ಮೇಲ್ಪದರದಲ್ಲಿರುವ ಸಣ್ಣ ಬೇರುಗಳನ್ನೂ ಸುಡುತ್ತದೆ. ನೀರು ಹೀರುವುದು ಆ ಸಣ್ಣ ಬೇರುಗಳೇ.

ಹಂತ 4: ಬೇಸಿಗೆಯ ನೀರು, ಫೆಬ್ರವರಿಯಿಂದ ಮೇ

2024ರ ಮಾರ್ಚ್‌ನಲ್ಲಿ ಬೆಂಗಳೂರಿನ ನೀರಿನ ಬವಣೆ ದೇಶದಾದ್ಯಂತ ಸುದ್ದಿಯಾಯಿತು. ಕುಡಿಯುವ ನೀರನ್ನು ಕೈತೋಟಕ್ಕೆ, ಕಾರು ತೊಳೆಯಲು ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆಗ ಆದೇಶ ಹೊರಡಿಸಿತು. 2025ರ ಫೆಬ್ರವರಿಯಲ್ಲೂ ಅದೇ ಆದೇಶ ಮತ್ತೆ ಬಂತು. ಪಾರ್ಕಿಗೆ ಕಾವೇರಿ ನೀರು ಕೇಳುವ ಕಾಲ ಮುಗಿಯಿತೆಂದೇ ತಿಳಿಯಿರಿ.

ಇರುವ ನೀರು ಯಾರಿಗೆ ಮೊದಲು? ನೆಟ್ಟು ಎರಡು ಮೂರು ವರ್ಷವಾಗದ ಸಸಿಗಳಿಗೆ. ಆಮೇಲೆ ಪೊದೆ, ಹೂಗಿಡಗಳಿಗೆ. ಬೇರು ಆಳಕ್ಕಿಳಿದ ದೊಡ್ಡ ಮರಗಳಿಗೆ ಸಾಮಾನ್ಯವಾಗಿ ಬೇಕಿಲ್ಲ. ಲಾನ್ ಕೊನೆಗೆ. ನಮ್ಮಲ್ಲಿ ನಡೆಯುವುದು ಇದರ ತಿರುಗುಮುರುಗು: ಲಾನಿಗೆ ದಿನವೂ ಸ್ಪ್ರಿಂಕ್ಲರ್, ಗೋಡೆ ಪಕ್ಕದ ಸಸಿಗೆ ನೆನಪಾದಾಗ ಒಂದು ಚೊಂಬು.

ಲೆಕ್ಕ ಹಾಕಿ ನೋಡಿ. ಬೇಸಿಗೆಯಲ್ಲಿ ಒಂದು ಚದರ ಮೀಟರ್ ಲಾನ್ ಹಸಿರಾಗಿರಲು ದಿನಕ್ಕೆ ಸುಮಾರು ನಾಲ್ಕೈದು ಲೀಟರ್ ಬೇಕು. 500 ಚದರ ಮೀಟರಿಗೆ ದಿನಕ್ಕೆ ಎರಡು ಸಾವಿರ ಲೀಟರಿನ ಮೇಲಾಯಿತು. ವಾರಕ್ಕೆ 6,000 ಲೀಟರಿನ ಎರಡು ಟ್ಯಾಂಕರಿಗಿಂತ ಹೆಚ್ಚು ಇದಕ್ಕೇ ಬೇಕು. ಅದೇ ನೀರಿನಲ್ಲಿ ನೂರಾರು ಸಸಿಗಳು ಬದುಕುತ್ತವೆ. ಲಾನ್ ಏಪ್ರಿಲ್‌ನಲ್ಲಿ ಕಂದಾದರೆ ಆಗಲಿ ಬಿಡಿ. ನಮ್ಮ ಗರಿಕೆ ಸತ್ತಂತೆ ಬಿದ್ದಿದ್ದು ಎರಡು ಮಳೆಗೆ ಮತ್ತೆ ಏಳುವ ಹುಲ್ಲು. ತೆಳ್ಳಗಿನ ಹೊರನಾಡಿನ ಹುಲ್ಲು ಹಾಸಿದ್ದರೆ ಅದು ಹೋದ ಜಾಗದಲ್ಲಿ ಗರಿಕೆಯನ್ನೇ ಹಬ್ಬಲು ಬಿಡಿ. ದಟ್ಟ ನೆರಳಿನಲ್ಲಿ ಯಾವ ಹುಲ್ಲೂ ಬರುವುದಿಲ್ಲ, ಅಲ್ಲಿ ವರ್ಷಾವರ್ಷ ಹೊಸ ಲಾನ್ ಹಾಸುವುದು ಗುತ್ತಿಗೆದಾರರಿಗೆ ಮಾತ್ರ ಲಾಭ. ತೇವ ನಿಲ್ಲುವ ನೆರಳಿಗೆ ಒಂದೆಲಗ ಹಾಕಬಹುದು, ಇಲ್ಲವೇ ಎಲೆ ಹೊದಿಸಿ ಸುಮ್ಮನಿರಬಹುದು. ಹಳದಿ ಹೂವಿನ ವೆಡೇಲಿಯಾ ಬಳ್ಳಿಯನ್ನು ನರ್ಸರಿಯವರು ಅಗ್ಗವೆಂದು ಕೊಡುತ್ತಾರೆ. ತರಬೇಡಿ. ಒಮ್ಮೆ ಬೇರೂರಿದರೆ ಬೇರೆ ಯಾವುದನ್ನೂ ಏಳಗೊಡುವುದಿಲ್ಲ.

ನೀರು ಹಾಕುವ ಕ್ರಮವೂ ಬದಲಾಗಬೇಕು. ದಿನವೂ ಮೇಲೆ ಮೇಲೆ ಚಿಮುಕಿಸಿದರೆ ಬೇರು ಮೇಲೇ ಉಳಿಯುತ್ತದೆ, ಒಂದು ದಿನ ಮಾಲಿ ರಜೆ ಹಾಕಿದರೆ ಗಿಡ ಬಾಡುತ್ತದೆ. ಸಸಿಯ ಸುತ್ತ ಎರಡಡಿ ಅಗಲದ ಪಾತಿ ಮಾಡಿ, ವಾರಕ್ಕೆ ಎರಡು ಸಲ, ಸಲಕ್ಕೆ ಒಂದು ಬಕೆಟ್ ನಿಧಾನವಾಗಿ ಇಂಗಿಸಿ. ಬೆಳಗ್ಗೆ ಏಳರೊಳಗೆ ಹಾಕಿದರೆ ಆವಿಯಾಗಿ ಹೋಗುವುದು ಕಡಿಮೆ. ಬೇಕೋ ಬೇಡವೋ ಎಂದು ಅನುಮಾನವಿದ್ದರೆ ಬೆರಳನ್ನು ಎರಡು ಇಂಚು ಮಣ್ಣಿಗೆ ಚುಚ್ಚಿ ನೋಡಿ, ತಂಪಿದ್ದರೆ ಆ ದಿನ ಬೇಡ. ದೂರದ ಸಸಿಗಳ ಪಕ್ಕ ಮಣ್ಣಿನ ಮಡಕೆಯನ್ನು ಕುತ್ತಿಗೆಯವರೆಗೆ ಹೂತು, ನೀರು ತುಂಬಿ, ಮುಚ್ಚಳ ಮುಚ್ಚಿ. ಮಡಕೆ ಬೆವರಿದಷ್ಟು ನೀರನ್ನು ಬೇರು ಎಳೆದುಕೊಳ್ಳುತ್ತದೆ. ಗ್ಲೇಜ್ ಮಾಡಿದ ಮಡಕೆ ಇದಕ್ಕೆ ಆಗದು.

ಹತ್ತಿರದಲ್ಲಿ ದೊಡ್ಡ ಅಪಾರ್ಟ್‌ಮೆಂಟ್ ಇದ್ದರೆ ಅಲ್ಲಿ ಕೊಳಚೆ ನೀರು ಶುದ್ಧೀಕರಿಸುವ ಘಟಕವಿದ್ದು ಸಂಸ್ಕರಿಸಿದ ನೀರು ಮಿಗುವುದುಂಟು. ಕಬ್ಬನ್ ಪಾರ್ಕ್, ಲಾಲ್‌ಬಾಗ್‌ಗಳಲ್ಲೂ ಸಂಸ್ಕರಿಸಿದ ನೀರನ್ನು ಗಿಡಗಳಿಗೆ ಬಳಸುತ್ತಾರೆ. ಮಾತಾಡಿ ಪಡೆದುಕೊಳ್ಳಿ. ವಾಸನೆಯಿದ್ದರೆ, ನೊರೆಯಿದ್ದರೆ ಬೇಡವೆನ್ನಿ. ಬುಡಕ್ಕೆ ಬಿಡಿ, ಗಾಳಿಗೆ ಚಿಮ್ಮಿಸಬೇಡಿ, ಮಕ್ಕಳು ಆಡುವ ಹೊತ್ತಿನಲ್ಲಿ ಬಿಡಲೇಬೇಡಿ, ಆ ಪೈಪಿಗೆ “ಕುಡಿಯುವ ನೀರಲ್ಲ” ಎಂದು ಫಲಕ ಹಾಕಿ.

ಹಂತ 5: ಬಿರುಗಾಳಿಗೂ ಮುಂಚೆ ಮರ ನೋಡಿ

ಇದನ್ನು ಮಾರ್ಚ್ ಕೊನೆಯೊಳಗೆ ಮುಗಿಸಿ. ಏಪ್ರಿಲ್, ಮೇ ತಿಂಗಳ ಸಂಜೆ ಮಳೆ ಗಾಳಿಯೊಂದಿಗೇ ಬರುತ್ತದೆ, ಬೆಂಗಳೂರಿನಲ್ಲಿ ಮರ ಉರುಳುವುದು ಹೆಚ್ಚಾಗಿ ಆಗಲೇ. ಬುಡದಲ್ಲಿ ಅಣಬೆಯಂಥದ್ದು ಎದ್ದಿದೆಯೇ, ಕಾಂಡ ಸೀಳಿದೆಯೇ, ಮರ ಒಂದು ಕಡೆ ವಾಲಿ ಎದುರು ಬದಿಯ ಮಣ್ಣು ಉಬ್ಬಿದೆಯೇ, ಚರಂಡಿಗೋ ಕೇಬಲ್‌ಗೋ ಅಗೆಯುವಾಗ ಬೇರು ಕಡಿದಿದ್ದಾರೆಯೇ, ದಾರಿಯ ಮೇಲೆ ಒಣ ಕೊಂಬೆ ತೂಗುತ್ತಿದೆಯೇ ಎಂದು ನೋಡಿ, ಫೋಟೊ ತೆಗೆದು, ಮರದ ಸಂಖ್ಯೆಯೊಂದಿಗೆ ಅರಣ್ಯ ವಿಭಾಗಕ್ಕೆ ಬರೆದುಕೊಡಿ. ಸಹಾಯವಾಣಿ 1533ಕ್ಕೂ ದೂರು ದಾಖಲಿಸಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ನೀವೇ ಏಣಿ ಹಾಕಿ ಹತ್ತಬೇಡಿ.

ಒಣಗಿದ ಕೊಂಬೆಗಳನ್ನೆಲ್ಲ ಕಡಿಸಬೇಕಿಲ್ಲ. ಜನ ಓಡಾಡದ ಮೂಲೆಯಲ್ಲಿರುವ ಒಣ ಕೊಂಬೆ ಕುಟ್ರು ಹಕ್ಕಿಗೆ ಗೂಡು ಕೊರೆಯುವ ಜಾಗ. ಮರಕ್ಕೆ ಹೊಡೆದ ಮೊಳೆ, ಬೋರ್ಡ್, ಸುತ್ತಿದ ದೀಪದ ತಂತಿ, ಕಾಂಡವನ್ನು ಹಿಸುಕುತ್ತಿರುವ ಹಳೆಯ ಕಬ್ಬಿಣದ ಗಾರ್ಡ್ ಮಾತ್ರ ತೆಗೆಸಿ.

ಬುಡಕ್ಕೆ ಕಾಂಕ್ರೀಟ್ ಮೆತ್ತಿದ ಮರಗಳ ಪಟ್ಟಿಯನ್ನೂ ಇದೇ ಸುತ್ತಿನಲ್ಲಿ ಮಾಡಿಕೊಳ್ಳಿ. ಮರಗಳ ಸುತ್ತ ಒಂದು ಮೀಟರ್‌ವರೆಗಿನ ಕಾಂಕ್ರೀಟ್ ಕಿತ್ತುಹಾಕಬೇಕೆಂದು ಹಸಿರು ನ್ಯಾಯಮಂಡಳಿ 2013ರಲ್ಲಿ ದೆಹಲಿಯ ಸಂಸ್ಥೆಗಳಿಗೆ ಹೇಳಿತ್ತು. ಇಂಜಿನಿಯರ್ ಬಳಿ ಮಾತಾಡುವಾಗ ಆ ಆದೇಶದ ಪ್ರತಿ ಕೈಯಲ್ಲಿರಲಿ.

ಹಂತ 6: ಮಳೆಯನ್ನು ನಿಲ್ಲಿಸಿ

ಒಂದು ಚದರ ಮೀಟರ್ ನೆಲಕ್ಕೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಅರ್ಧ ಎಕರೆ ಎಂದರೆ ಸುಮಾರು 2,000 ಚದರ ಮೀಟರ್. 20 ಮಿಲಿಮೀಟರಿನ ಒಂದು ಮಳೆಗೆ 40,000 ಲೀಟರ್, ಅಂದರೆ ಆರು ಟ್ಯಾಂಕರಿಗಿಂತ ಹೆಚ್ಚು. ಬೆಂಗಳೂರಿಗೆ ವರ್ಷಕ್ಕೆ ಸುರಿಯುವುದು ಸುಮಾರು 970 ಮಿಲಿಮೀಟರ್. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಅತಿ ಹೆಚ್ಚು.

ಏಪ್ರಿಲ್‌ನಲ್ಲೇ ಕೆಲಸ ಶುರುಮಾಡಿ. ಮೊದಲ ಹಂತದಲ್ಲಿ ಬರೆದುಕೊಂಡ ನೀರಿನ ದಾರಿ ಈಗ ಉಪಯೋಗಕ್ಕೆ ಬರುತ್ತದೆ. ವಾಕಿಂಗ್ ಪಾತಿನ ಅಂಚಿನ ಕಲ್ಲು ಎತ್ತರವಿದ್ದರೆ ನೀರು ಮಡಿಗೆ ಇಳಿಯದೆ ದಾರಿಯಲ್ಲೇ ಓಡುತ್ತದೆ. ಹತ್ತು ಹದಿನೈದು ಅಡಿಗೊಂದು ಕಲ್ಲು ತೆಗೆಸಿದರೆ ಸಾಕು, ದೊಡ್ಡ ಕಾಮಗಾರಿಯೇ ಬೇಕಿಲ್ಲ. ಇಳಿಜಾರಿಗೆ ಅಡ್ಡಲಾಗಿ ಒಂದಡಿ ಆಳ, ಒಂದಡಿ ಅಗಲದ ಕಾಲುವೆ ತೋಡಿ ಒಣ ಎಲೆ, ಕಡ್ಡಿ ತುಂಬಿ. ಯಾರೂ ಕಾಲು ಜಾರಿ ಬೀಳುವುದಿಲ್ಲ, ನೀರು ಇಂಗುತ್ತದೆ, ಎಲೆ ಅಲ್ಲೇ ಗೊಬ್ಬರವಾಗುತ್ತದೆ. ಮರದ ಬುಡದಿಂದ ದೂರ ತೋಡಿ, ದಪ್ಪ ಬೇರು ಸಿಕ್ಕಿದರೆ ಕಡಿಯದೆ ಪಕ್ಕಕ್ಕೆ ಹೋಗಿ.

ಇಂಗುಬಾವಿ ಬೇಕೆಂದರೆ ಅದು ಹವ್ಯಾಸಿಗಳ ಕೆಲಸವಲ್ಲ. ಬೆಂಗಳೂರಿನ ಸುತ್ತಮುತ್ತ ತಲೆಮಾರುಗಳಿಂದ ಬಾವಿ ತೋಡುತ್ತ ಬಂದ ಮಣ್ಣು ವಡ್ಡರ ಸಮುದಾಯದವರಿದ್ದಾರೆ. ಕಬ್ಬನ್ ಪಾರ್ಕಿನ ಹಳೆಯ ಬಾವಿಗಳ ಹೂಳೆತ್ತಿದವರೂ, ಅಲ್ಲಿ ಹೊಸ ಇಂಗುಬಾವಿಗಳನ್ನು ತೋಡಿದವರೂ ಅವರೇ. ಮೂರಡಿ ಅಗಲದ ಬಾವಿಗೆ ಸಿಮೆಂಟ್ ರಿಂಗ್‌ಗಳನ್ನು ಗಾರೆ ಹಾಕದೆ ಒಂದರ ಮೇಲೊಂದು ಇಳಿಸುತ್ತಾರೆ, ಸಂದಿಗಳಿಂದ ನೀರು ಮಣ್ಣಿಗೆ ಹೋಗುತ್ತದೆ. ಒಳಚರಂಡಿಯ ಪೈಪಿನ ಹತ್ತಿರ ತೋಡಿಸಬೇಡಿ. ಬಾವಿಗೆ ಇಳಿಯುವ ನೀರು ಮೊದಲು ಜಲ್ಲಿ ತುಂಬಿದ ಸಣ್ಣ ಗುಂಡಿಯಲ್ಲಿ ಹೂಳು ಬಿಟ್ಟು ಬರಲಿ. ಮೇಲೆ ಗಟ್ಟಿ ಮುಚ್ಚಳ, ಅದಕ್ಕೆ ಬೀಗ. ಮಕ್ಕಳಿರುವ ಜಾಗ, ಈ ಒಂದರಲ್ಲಿ ರಿಯಾಯಿತಿ ಇಲ್ಲ.

ಹಂತ 7: ನೆಡುವುದು, ಮೃಗಶಿರದ ನಂತರ

ಜೂನ್ 5ರಂದು ಫೋಟೊ ತೆಗೆಸಿಕೊಳ್ಳಲು ನೆಟ್ಟ ಸಸಿಗಳಲ್ಲಿ ಎಷ್ಟು ಮುಂದಿನ ಬೇಸಿಗೆ ಕಂಡಿವೆ ಎಂದು ನಿಮ್ಮ ಬಡಾವಣೆಯಲ್ಲೇ ಎಣಿಸಿ ನೋಡಿ. ನೆಲ ಚೆನ್ನಾಗಿ ನೆನೆಯುವವರೆಗೆ ಕಾಯುವುದು ಮೇಲು. ಮಾಲಿಗಳಲ್ಲಿ ಹೊಲ ಉತ್ತು ಬಂದವರು ಹಲವರು. ಅವರಿಗೆ ತಾರೀಕಿಗಿಂತ ಮಳೆಯ ಹೆಸರು ಹೇಳಿದರೆ ಬೇಗ ತಿಳಿಯುತ್ತದೆ. ಏಪ್ರಿಲ್ ಕೊನೆಯ ಭರಣಿ ಮಳೆಗೆ ಗುಂಡಿ ತೋಡಿ ಬಿಸಿಲಿಗೆ ಬಿಡಿ, ಜೂನ್ ಎರಡನೇ ವಾರದ ಮೃಗಶಿರಕ್ಕೆ ಗೊಬ್ಬರ ತುಂಬಿ, ಆರಿದ್ರೆಯಲ್ಲಿ ನೆಡಿ.

ಗುಂಡಿ ಎರಡಡಿ ಉದ್ದ, ಎರಡಡಿ ಅಗಲ, ಎರಡಡಿ ಆಳ. ಮೇಲ್ಮಣ್ಣನ್ನು ಬೇರೆ ಹಾಕಿಟ್ಟು, ನೆಡುವಾಗ ಅದನ್ನೇ ನಿಮ್ಮ ಗೂಡಿನ ಎಲೆಗೊಬ್ಬರದೊಂದಿಗೆ ಸಮನಾಗಿ ಬೆರೆಸಿ ಬೇರಿನ ಸುತ್ತ ಹಾಕಿ. ಗೆದ್ದಲಿನ ಕಾಟವಿದ್ದರೆ ಎರಡು ಹಿಡಿ ಬೇವಿನ ಹಿಂಡಿ ಸೇರಿಸಿ. ಪ್ಲಾಸ್ಟಿಕ್ ಚೀಲವನ್ನು ಪೂರ್ತಿ ಕತ್ತರಿಸಿ ತೆಗೆಯಬೇಕು, ಬರೀ ಸೀಳಿ ಹಾಗೇ ಹೂಳುವವರಿದ್ದಾರೆ. ಐದಾರು ಅಡಿ ಎತ್ತರದ ಸಸಿಯಾದರೆ ಊರೆ ಕೋಲು ಕೊಟ್ಟು ಸೆಣಬಿನ ದಾರದಲ್ಲಿ ಸಡಿಲವಾಗಿ ಕಟ್ಟಿ. ದೊಡ್ಡ ಮರವಾಗುವ ಜಾತಿಗಳ ನಡುವೆ ಇಪ್ಪತ್ತಡಿಯಾದರೂ ಇರಲಿ. ನೆಡುವ ಮುನ್ನ ತಲೆ ಎತ್ತಿ ನೋಡಿ, ಮೇಲೆ ಕರೆಂಟ್ ತಂತಿ ಇದೆಯೇ?

ಯಾವ ಮರ? ಲಾಲ್‌ಬಾಗಿನ ಮುಖ್ಯಸ್ಥರಾಗಿದ್ದ ಜಿ.ಎಚ್. ಕ್ರುಂಬಿಗಲ್ ವರ್ಷದ ಯಾವ ತಿಂಗಳಲ್ಲೂ ಊರಲ್ಲಿ ಒಂದಲ್ಲ ಒಂದು ಮರ ಹೂ ಬಿಟ್ಟಿರಬೇಕೆಂದು ಬೀದಿ ಮರಗಳನ್ನು ಆರಿಸಿದರು. ಆ ಸಾಲುಗಳ ಫಲವನ್ನು ನಾವು ಇಂದಿಗೂ ಉಣ್ಣುತ್ತಿದ್ದೇವೆ. ಅದೇ ಉಪಾಯವನ್ನು ಪುಟ್ಟ ಪಾರ್ಕಿನಲ್ಲೂ ಮಾಡಬಹುದು, ಆದರೆ ಈಗ ಹೂವಿನ ಜೊತೆ ಹಣ್ಣು, ನೆರಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಹೊಂಗೆ, ನೇರಳೆ, ಬಕುಳ, ಅತ್ತಿ, ಬಿಲ್ವ, ಬೆಟ್ಟದ ನೆಲ್ಲಿ ಇವು ಬೆಂಗಳೂರಿನ ಕೆಂಪು ಮಣ್ಣಿಗೆ ಒಗ್ಗಿದವು. ನೇರಳೆಯನ್ನು ನಡೆಯುವ ದಾರಿಯಿಂದ ದೂರವಿಡಿ, ಹಣ್ಣಿನ ಕಾಲದಲ್ಲಿ ನೆಲ ಬಣ್ಣವಾಗಿ ಜಾರುತ್ತದೆ. ಚಿಟ್ಟೆಗಾಗಿ ಒಂದು ಮೂಲೆ ಬಿಡಿ: ನಿಂಬೆ, ಕರಿಬೇವಿನ ಮೇಲೆ ನಿಂಬೆ ಚಿಟ್ಟೆ ಮೊಟ್ಟೆಯಿಡುತ್ತದೆ, ಈಶ್ವರಿ ಬಳ್ಳಿಯ ಮೇಲೆ ಕೆಂಪು ಮೈಯ ಗುಲಾಬಿ ಚಿಟ್ಟೆ, ಎಕ್ಕದ ಮೇಲೆ ಹುಲಿ ಚಿಟ್ಟೆ. ಅಲ್ಲಿ ಎಲೆ ತೂತಾಗಿದೆ ಎಂದು ಔಷಧಿ ಹೊಡೆಯಬಾರದು, ತೂತಾಗಲೆಂದೇ ನೆಟ್ಟದ್ದು. ಎಕ್ಕದ ಹಾಲು ಕಣ್ಣಿಗೆ ಕೆಟ್ಟದ್ದು, ಹಾಗಾಗಿ ಮಕ್ಕಳ ಕೈಗೆ ಸಿಗದ ಕಡೆ ಇರಲಿ.

ಹಂತ 8: ಮಳೆಗಾಲದ ಕಾಟಗಳು

ಕಳೆಗಳಲ್ಲಿ ಮೊದಲ ಶತ್ರು ಕಾಂಗ್ರೆಸ್ ಗಿಡ. ಮಳೆ ಬಂದು ಮಣ್ಣು ಸಡಿಲಿದ್ದಾಗ, ಬಿಳಿ ಹೂ ಬಿಡುವ ಮೊದಲೇ, ಗ್ಲೌಸ್ ಹಾಕಿಕೊಂಡು ಬೇರು ಸಮೇತ ಕಿತ್ತರೆ ಗೊಬ್ಬರದ ಗೂಡಿಗೇ ಹಾಕಬಹುದು. ಹೂ ಬಿಟ್ಟ ಮೇಲಾದರೆ ಬೇಡ, ಬೀಜವನ್ನು ನೀವೇ ಹಂಚಿದಂತಾಗುತ್ತದೆ. ಅಲರ್ಜಿ ಇರುವವರು ಈ ಕೆಲಸಕ್ಕೆ ಇಳಿಯಬೇಡಿ.

ದೊಡ್ಡ ಆಫ್ರಿಕನ್ ಬಸವನಹುಳುಗಳು ಮಳೆಗಾಲದಲ್ಲಿ ರಾತ್ರೋರಾತ್ರಿ ಸಸಿ ಬೋಳಿಸುತ್ತವೆ. ಸಂಜೆ ಒದ್ದೆ ಗೋಣಿಚೀಲದ ಕೆಳಗೆ ಪಪಾಯಿ ಸಿಪ್ಪೆ, ಕೋಸಿನ ಎಲೆ ಇಟ್ಟರೆ ಬೆಳಗ್ಗೆ ಅಡಿಯಲ್ಲಿ ಗುಂಪಾಗಿ ಸಿಗುತ್ತವೆ. ಬರಿಗೈಯಲ್ಲಿ ಮುಟ್ಟದೆ, ಬಕೆಟ್ಟಿನ ಗಟ್ಟಿ ಉಪ್ಪುನೀರಿಗೆ ಹಾಕಿ. ಗಿಡದ ಬುಡಕ್ಕೆ ಉಪ್ಪು ಸುರಿಯಬೇಡಿ, ಮಣ್ಣು ಹಾಳಾಗುತ್ತದೆ. ದಾಸವಾಳದ ಹಿಟ್ಟುತಿಗಣೆಗೆ ಲೀಟರ್ ನೀರಿಗೆ ಐದು ಮಿಲಿಲೀಟರ್ ಬೇವಿನೆಣ್ಣೆ, ಚೂರು ಸೋಪು ಬೆರೆಸಿ ಸಂಜೆ ಹೊತ್ತು ಸಿಂಪಡಿಸಿ. ಹತ್ತಿದ್ದು ಹೆಚ್ಚಾಗಿದ್ದರೆ ಆ ರೆಂಬೆಯನ್ನೇ ಕತ್ತರಿಸುವುದು ಸುಲಭ.

ಸೊಳ್ಳೆಯದ್ದು ಸರಳ: ವಾರಕ್ಕೊಂದು ದಿನ ಪಾರ್ಕು ಸುತ್ತಿ ನಿಂತ ನೀರು ಚೆಲ್ಲಿ. ತೆಂಗಿನ ಚಿಪ್ಪು, ಬಿಸಾಡಿದ ಲೋಟ, ಜಿಮ್ ಸಲಕರಣೆಯ ತೆರೆದ ಪೈಪು, ಕೆಟ್ಟುಹೋದ ಕಾರಂಜಿ ಎಲ್ಲ ನೋಡಿ. ಹಕ್ಕಿಗಳಿಗಿಟ್ಟ ತಟ್ಟೆಯ ನೀರು ದಿನವೂ ಬದಲಾಗಲಿ.

ಹಂತ 9: ಸ್ವಾತಿ ಮಳೆ ಮುಗಿದ ಮೇಲೆ

ನವೆಂಬರ್‌ನಲ್ಲಿ ಪೊದೆ ಸವರಿ, ಇಂಗುಬಾವಿಯ ಪಕ್ಕದ ಜಲ್ಲಿ ಗುಂಡಿಯ ಹೂಳು ತೆಗೆದು, ಹೊಸ ಸಸಿಗಳ ಪಾತಿಗೆ ಮತ್ತೆ ಎಲೆ ಹೊದಿಸಿ. ಆಮೇಲೆ ನೋಟ್‌ಬುಕ್ ತೆರೆದು ಕುಳಿತುಕೊಳ್ಳಿ. ಪಾಲಿಕೆಯ ಆರ್ಥಿಕ ವರ್ಷ ಏಪ್ರಿಲ್ 1ಕ್ಕೆ ಶುರುವಾಗುತ್ತದೆ, ಅದರ ಬಜೆಟ್ ಸಿದ್ಧವಾಗುವುದು ಅದಕ್ಕೂ ಹಲವು ವಾರ ಮೊದಲು. ನಿಮ್ಮ ಬೇಡಿಕೆ ಡಿಸೆಂಬರ್‌ನಲ್ಲೇ ಕಚೇರಿ ಸೇರಿರಬೇಕು.

ಹೊಸ ಓಪನ್ ಜಿಮ್, ಬಣ್ಣದ ಕಾರಂಜಿ ಕೇಳಬೇಡಿ, ಅವನ್ನು ಕೇಳದೆಯೇ ಕೊಡುತ್ತಾರೆ. ಮುಂದಿನ ನಿರ್ವಹಣಾ ಗುತ್ತಿಗೆಯ ಷರತ್ತಿನಲ್ಲಿ ಈ ನಾಲ್ಕು ಮಾತು ಸೇರಿಸಬೇಕೆಂದು ಕೇಳಿ: ಒಣ ಎಲೆಯನ್ನು ಪಾರ್ಕಿನಿಂದ ಹೊರಗೆ ಸಾಗಿಸಲೂಬಾರದು ಸುಡಲೂಬಾರದು, ಗಿಡಗಳಿಗೆ ಸಂಸ್ಕರಿಸಿದ ನೀರನ್ನೇ ಬಳಸಬೇಕು, ಮರದ ಬುಡದ ಸುತ್ತ ಒಂದು ಮೀಟರ್ ಮಣ್ಣು ಬಿಡಬೇಕು, ಮಾಲಿಗೆ ಗ್ಲೌಸ್, ಬೂಟು, ಒಳ್ಳೆಯ ಸಲಕರಣೆ ಕೊಡಬೇಕು. ನೀವು ವರ್ಷವಿಡೀ ಬರೆದ ಟಿಪ್ಪಣಿಯ, ತೆಗೆದ ಫೋಟೊಗಳ ಪ್ರತಿಯನ್ನು ಅರ್ಜಿಗೆ ಲಗತ್ತಿಸಿ. ಎರಡು ಪ್ರತಿ ಒಯ್ದು, ನಿಮ್ಮ ಪ್ರತಿಯ ಮೇಲೆ ತಾರೀಕು ಸಹಿತ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಡಬೇಡಿ.